ಕಾಣೆಯಾದ ಪಾಠ: ಅಂತರಜಾಲ ಪತ್ರಿಕೆಯ ತಿದ್ದುಪಡಿ ಮತ್ತು ಸಂಪಾದಕೀಯ ನೈತಿಕತೆ

ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು ತಾವು ಒಪ್ಪದ ಪಾಠಾಂತರವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ. ಅವರ ಆಯ್ಕೆಯನ್ನು ಮುಂದಿನವರು ಪ್ರಶ್ನಿಸಲು ಸಾಧ್ಯವಾಗಬೇಕೆಂಬುದೇ ಇದರ ಉದ್ದೇಶ. ಕನ್ನಡ ಗ್ರಂಥಸಂಪಾದನೆ ರೂಢಿಸಿಕೊಂಡ ಈ ಶಿಸ್ತು ಅಂತರಜಾಲ ಪತ್ರಿಕೋದ್ಯಮದಲ್ಲಿ ಎಷ್ಟು ಸಡಿಲಗೊಳ್ಳಬಲ್ಲದು ಎಂಬುದಕ್ಕೆ 'ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್' 2019ರ ಆಗಸ್ಟ್‌ನಲ್ಲಿ ಪ್ರಕಟಿಸಿದ '1619 ಪ್ರಾಜೆಕ್ಟ್' ನಿದರ್ಶನವಾಗಿದೆ.

ಆಫ್ರಿಕದ ಗುಲಾಮರನ್ನು ವರ್ಜೀನಿಯಕ್ಕೆ ತಂದು 400 ವರ್ಷ ತುಂಬಿದ ಸಂದರ್ಭದಲ್ಲಿ ಹೊರಬಂದ ಈ ಯೋಜನೆ ಅಮೆರಿಕದ ಚರಿತ್ರೆಯನ್ನು ಗುಲಾಮಗಿರಿಯ ನೆಲೆಯಿಂದ ಮರುಪರಿಶೀಲಿಸಿತು. ವಸಾಹತುಗಾರರು ಸ್ವಾತಂತ್ರ್ಯ ಘೋಷಿಸಿದ್ದಕ್ಕೆ ಗುಲಾಮಗಿರಿಯ ರಕ್ಷಣೆಯೂ ಒಂದು ಮುಖ್ಯ ಕಾರಣವೆಂದು ನಿಕೋಲ್ ಹನ್ನಾ-ಜೋನ್ಸ್ ಅವರ ಪ್ರಧಾನ ಪ್ರಬಂಧ ಹೇಳಿತ್ತು. ಇತಿಹಾಸಕಾರರ ಆಕ್ಷೇಪದ ನಂತರ, 2020ರ ಮಾರ್ಚ್‌ನಲ್ಲಿ, ಆ ಮಾತು ವಸಾಹತುಗಾರರಲ್ಲಿ ಕೆಲವರಿಗೆ ಸೀಮಿತವಾಯಿತು. ಸಂಪಾದಕ ಜೇಕ್ ಸಿಲ್ವರ್‌ಸ್ಟೀನ್ ಬದಲಾವಣೆಯನ್ನು ಬಹಿರಂಗವಾಗಿ ವಿವರಿಸಿದರು. ಆದರೆ ಅಂತರಜಾಲ ಪೀಠಿಕೆಯಲ್ಲಿ 1619ನ್ನೇ ರಾಷ್ಟ್ರದ ನಿಜವಾದ ಸ್ಥಾಪನೆಯೆಂದು ಗ್ರಹಿಸುವ ಪದಪುಂಜ ಯಾವ ಟಿಪ್ಪಣಿಯೂ ಇಲ್ಲದೆ ಕಾಣೆಯಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಬಯಲಿಗೆ ತಂದವರು ಯೋಜನೆಯ ವಿಮರ್ಶಕರು. ಇದು ಗಣನೀಯ ಬದಲಾವಣೆಯಲ್ಲವೆಂಬುದು ಸಂಪಾದಕರ ಸಮರ್ಥನೆಯಾಗಿತ್ತು.

ಈ ಸಮರ್ಥನೆ ನಿಲ್ಲುವುದಿಲ್ಲ. ವಾಗ್ವಾದದ ಕೇಂದ್ರದಲ್ಲಿದ್ದ ಮಾತೇ ಅಳಿದಾಗ, ಅದನ್ನು ಉಲ್ಲೇಖಿಸಿ ಆಕ್ಷೇಪಿಸಿದವರು ಇಲ್ಲದ್ದನ್ನು ಆರೋಪಿಸಿದವರಂತೆ ಕಾಣುತ್ತಾರೆ. ಸಮರ್ಥಿಸಿದವರೂ ನೆಲೆ ಕಳೆದುಕೊಳ್ಳುತ್ತಾರೆ. ಮೊದಲ ಪಾಠವನ್ನು ಬೇರೊಂದು ಭಾಷೆಗೆ ತಂದ ಅನುವಾದಕರ ಮೇಲೆ ಮೂಲದಲ್ಲಿಲ್ಲದ್ದನ್ನು ಸೇರಿಸಿದ ಅಪವಾದ ಬರಬಹುದು. ಹೀಗೆ ಸಾಕ್ಷ್ಯ ಒದಗಿಸುವ ಹೊಣೆ ಪತ್ರಿಕೆಯಿಂದ ಓದುಗರಿಗೆ ವರ್ಗವಾಗುತ್ತದೆ. ಮುದ್ರಿತ ಸಂಚಿಕೆಯಾದರೆ ಗ್ರಂಥಾಲಯದ ಪ್ರತಿಯೇ ಸಾಕ್ಷಿ. ಅಂತರಜಾಲದಲ್ಲಿ ಹೊಸ ಪಾಠ ಹಳೆಯದರ ಜಾಗವನ್ನೇ ಆಕ್ರಮಿಸುತ್ತದೆ.

ಪ್ರತಿ ಕಾಗುಣಿತದ ತಿದ್ದುಪಡಿಗೂ ಪ್ರಕಟಣೆ ಬೇಕೆಂದಲ್ಲ. ಬೆಳೆಯುತ್ತಿರುವ ಸುದ್ದಿ ಗಂಟೆಗಂಟೆಗೂ ಬದಲಾಗುವುದು ಸಹಜ. ಬದಲಾದ ಮಾತನ್ನು ನೆಚ್ಚಿ ಯಾರಾದರೂ ಒಪ್ಪಿಗೆ ಅಥವಾ ವಿರೋಧವನ್ನು ಕಟ್ಟಿಕೊಂಡಿರಬಹುದೇ ಎಂಬುದು ಇಲ್ಲಿ ಬಳಸಬಹುದಾದ ಮಾನದಂಡ. ಹೌದಾದರೆ, ಹಿಂದಿನ ಪಾಠ, ಬದಲಾವಣೆಯ ದಿನಾಂಕ, ಕಾರಣ ಇವು ಮೂರೂ ದಾಖಲಾಗಬೇಕು.

ಅಳಿಸಿದ ಪದಪುಂಜ '1619 ಪ್ರಾಜೆಕ್ಟ್'ನ ಮೂಲ ಕಾಳಜಿಯನ್ನು ಸುಳ್ಳಾಗಿಸುವುದಿಲ್ಲ. ಆದರೆ ಚರಿತ್ರೆಯಿಂದ ಮರೆಯಾದದ್ದನ್ನು ಮರಳಿ ದಾಖಲಿಸಲು ಹೊರಟ ಯೋಜನೆ ತನ್ನದೇ ಪಾಠದ ಚರಿತ್ರೆಯನ್ನು ಮರೆಮಾಡಿದ್ದರಿಂದ, ಒಂದು ಸಾಲಿನ ಟಿಪ್ಪಣಿ ತಪ್ಪಿಸಬಹುದಾಗಿದ್ದ ಅಸ್ತ್ರ ಅದರ ವಿರೋಧಿಗಳ ಕೈಸೇರಿತು.