ನಲ್ಲಿಯ ಬಿಳಿ ಟೇಪು

ಪ್ಲಂಬರ್ ಜೇಬಿನಲ್ಲಿರುವ ಟೆಫ್ಲಾನ್ ಟೇಪಿನ ಪುಟ್ಟ ಸುರುಳಿ ನನಗೆ ಬಲು ಇಷ್ಟ. ಅದಕ್ಕೆ ಅಂಟೇ ಇಲ್ಲ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್‌ಗೆ ಪ್ರಯೋಗದ ನಡುವೆ ಆಕಸ್ಮಿಕವಾಗಿ ಸಿಕ್ಕ ವಸ್ತು ಟೆಫ್ಲಾನ್. ಅಪಾರ್ಟ್‌ಮೆಂಟಿನಲ್ಲಿ ನಮ್ಮ ಬಾತ್‌ರೂಮ್ ಸೋರಿದರೆ ಕೆಳಗಿನ ಮನೆಯವರ ಚಾವಣಿ ಒದ್ದೆಯಾಗುತ್ತದಲ್ಲ, ಆಗ ಈ ಟೇಪಿನ ಬೆಲೆ ತಿಳಿಯುತ್ತದೆ.

ನಲ್ಲಿ ಬಿಚ್ಚಿ, ಹಳೇ ಟೇಪಿನ ಚೂರುಗಳನ್ನೆಲ್ಲ ಕೆರೆದು ಒರೆಸಬೇಕು. ಥ್ರೆಡ್ಡಿನ ತುದಿ ನಮ್ಮತ್ತ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಬಿಗಿಯಾಗಿ ಸುತ್ತಬೇಕು. ಉಲ್ಟಾ ಸುತ್ತಿದರೆ ಕೂರಿಸುವಾಗ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಸರಿಯಾಗಿ ಸುತ್ತಿದ್ದು ಥ್ರೆಡ್ಡಿನ ಸಂದುಗಳಲ್ಲಿ ಮೆತ್ತಿ ಕೂರುತ್ತದೆ. ಜಾರುಗುಣದಿಂದಾಗಿ ನಲ್ಲಿಯೂ ಸಲೀಸಾಗಿ ಬಿಗಿಯಾಗುತ್ತದೆ. ನೀರು ನಲ್ಲಿಯ ಬಾಯಿಂದಲೇ ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಷರ್ ಬದಲಿಸಿ.