ಕತ್ತರಿ ಆಡಿದ ಮೇಲಿನ ಗುಲಾಬಿ

ದಸರೆ ಮುಗಿದು ಮಳೆ ಹಿಂದೆ ಸರಿದ ಮೇಲೆ ಮೈಸೂರಿನ ಬಿಸಿಲಿಗೆ ಒಂದು ಹದ ಬರುತ್ತದೆ. ಸುಡುವುದಿಲ್ಲ, ಹಿತವಾಗಿ ಬೆನ್ನು ಕಾಯಿಸುತ್ತದೆ. ಗುಲಾಬಿ ಗಿಡದ ಮುಂದೆ ಮಣೆ ಹಾಕಿಕೊಂಡು ಕೂರಲು ಇದಕ್ಕಿಂತ ಒಳ್ಳೆಯ ಕಾಲ ನನಗಂತೂ ಗೊತ್ತಿಲ್ಲ. ಹೂವನ್ನಷ್ಟೇ ನೋಡಿ ಸಂತೋಷಪಡುವವರಿಗೆ ಗುಲಾಬಿಯ ಅರ್ಧ ಸುಖ ತಪ್ಪಿಹೋಗುತ್ತದೆ. ಇನ್ನರ್ಧ ಇರುವುದು ಈ ಶರತ್ಕಾಲದ ಸವರುವಿಕೆಯಲ್ಲಿ.

ಮಳೆಗಾಲ ಕಳೆದ ಗಿಡ ಸೊರಗಿರುತ್ತದೆ. ಕಪ್ಪು ಚುಕ್ಕೆ ಬಿದ್ದ ಎಲೆ, ಒಂದಕ್ಕೊಂದು ಹೆಣೆದುಕೊಂಡ ಸಣಕಲು ಕಡ್ಡಿ, ಕಸಿ ಗಂಟಿನ ಕೆಳಗಿನಿಂದ ಎದ್ದ ಕಾಡು ಚಿಗುರು. ಅವನ್ನೆಲ್ಲ ತೆಗೆದು, ಉದುರಿದ ಎಲೆಯನ್ನೂ ಆಯ್ದು ಆಚೆ ಹಾಕಿದರೆ ನಾಲ್ಕೈದು ಗಟ್ಟಿ ರೆಂಬೆ ಉಳಿಯುತ್ತವೆ. ಅವುಗಳ ನುಣುಪು ಮೈಮೇಲೆ ಮುಳ್ಳು ತಪ್ಪಿಸಿ ಬೆರಳಾಡಿಸಿ. ಎಲೆ ಕಳಚಿದ ಗೀಟಿನ ಮೇಲೆ ಸಾಸಿವೆ ಗಾತ್ರದ ಕೆಂಪು ಕಣ್ಣೊಂದು ಉಬ್ಬಿರುತ್ತದೆ. ಗಿಡದ ಹೊರಗಡೆಗೆ ಮುಖ ಮಾಡಿದ ಕಣ್ಣನ್ನೇ ಆರಿಸಿಕೊಳ್ಳಬೇಕು. ಚಿಗುರು ಆ ಕಡೆಗೇ ಹೊರಟು, ನಡುವೆ ಗಾಳಿ ಬೆಳಕು ಧಾರಾಳವಾಗಿ ಆಡುತ್ತವೆ. ಕಣ್ಣಿಗಿಂತ ಅರ್ಧ ಸೆಂಟಿಮೀಟರ್ ಮೇಲೆ, ನೀರು ಕಣ್ಣಿನ ಹಿಂದಕ್ಕೆ ಜಾರಿಹೋಗುವ ಓರೆಯಲ್ಲಿ, ಹರಿತವಾದ ಕತ್ತರಿ ಒಂದೇ ಸಲಕ್ಕೆ ಕಚಕ್ ಎನ್ನಬೇಕು. ಎಂಥ ತೃಪ್ತಿ ಆ ಸದ್ದಿನಲ್ಲಿ! ಕೊಯ್ದ ಮುಖವನ್ನು ಹತ್ತಿರದಿಂದ ನೋಡಿ: ಅಂಚಿಗೆ ತೆಳ್ಳನೆಯ ಹಸಿರು ಬಳೆ, ಅದರೊಳಗೆ ತೇವದಿಂದ ಮಿನುಗುವ, ತಂಪಾದ, ಅಚ್ಚ ಬಿಳಿಯ ತಿರುಳು. ಕಂದು ಕಂಡರೆ ಬಿಳುಪು ಸಿಗುವವರೆಗೂ ಕೆಳಗಿಳಿಯಬೇಕು. ಸಿಕ್ಕಿತೇ, ಅದರ ಮೇಲೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮಿನದೊಂದು ತಿಳಿನೀಲಿ ಬೊಟ್ಟು.

ಬುಡದ ಮಣ್ಣು ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ನೀರು ಕೊಟ್ಟರೆ ನಮ್ಮ ಪಾಲಿನ ಕೆಲಸ ಮುಗಿಯಿತು.

ಆಮೇಲಿನದು ಬರೀ ನೋಡುವ ಭಾಗ್ಯ. ಕಣ್ಣೊಡೆದು ಬರುವ ಮೊದಲ ಎಲೆ ಹಸಿರಲ್ಲ. ಗಾಢವಾದ ನೇರಳೆಗೆಂಪು, ಮೇಲೆ ಮೇಣದ ಹೊಳಪು. ಎಳೆಯ ಎಲೆಯನ್ನು ಬಿರುಬಿಸಿಲಿನಿಂದ ಕಾಯುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ ಕೆಲಸ ಅದು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಒಂದೊಂದು ನರವೂ ಬೆಳಗುತ್ತದೆ. ಮುಳ್ಳು ಕೂಡ ಆಗ ಮೆತ್ತಗೆ, ಬೆಳಕು ಹಾಯುವಷ್ಟು ತೆಳುವಾಗಿ ಇರುತ್ತದೆ.

ಸವರಿದ ಆರೇಳು ವಾರಕ್ಕೆ, ಮಾಗಿಯ ಚಳಿ ಕಾಲಿಡುವ ಹೊತ್ತಿಗೆ, ಹೂವು. ತಂಪಿನಲ್ಲಿ ಮೊಗ್ಗು ಅವಸರಪಡುವುದಿಲ್ಲ. ದಿನಕ್ಕೊಂದಿಷ್ಟು ಬಿಚ್ಚಿಕೊಳ್ಳುತ್ತದೆ, ಎಸಳು ದಪ್ಪ, ಬಣ್ಣ ಗಾಢ. ನನ್ನ ಅಚ್ಚುಮೆಚ್ಚು ಡಬಲ್ ಡಿಲೈಟ್. 1977ರಲ್ಲಿ ಅಮೆರಿಕದಲ್ಲಿ ಬಹುಮಾನ ಗೆದ್ದ, ಮುಂದೆ ಜಗತ್ತಿನ ಗುಲಾಬಿ ಪ್ರಿಯರೆಲ್ಲ ಎದೆಗಪ್ಪಿಕೊಂಡ ತಳಿ. ಕೆನೆಬಿಳುಪಿನ ಎಸಳಿಗೆ ಬಿಸಿಲು ತಾಗಿದಷ್ಟೂ ಅಂಚಿನಿಂದ ಕೆಂಪು ಏರುತ್ತದೆ. ಒಂದೇ ಹೂವು ಬೆಳಿಗ್ಗೆ ಕಂಡಂತೆ ಮರುದಿನ ಇರುವುದಿಲ್ಲ, ಪರಿಮಳವೋ ಮೂಗು ಎತ್ತಲು ಬಿಡುವುದಿಲ್ಲ. ಅದರ ಪಕ್ಕಕ್ಕೆ ನಮ್ಮವರೇ ಆದ ಬಿ.ಪಿ. ಪಾಲ್ ರೂಪಿಸಿದ ಬಿಳಿಯ ಡಾ. ಹೋಮಿ ಭಾಭಾ ಇದ್ದರಂತೂ ಅಂಗಳಕ್ಕೊಂದು ಗಾಂಭೀರ್ಯ. ಗೋಧಿಯ ತಳಿವಿಜ್ಞಾನಿಯಾಗಿ ಹೆಸರಾದ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೊದಲ ಮಹಾನಿರ್ದೇಶಕರಾದ ಪಾಲ್ ಗುಲಾಬಿಗೂ ಅಷ್ಟೇ ಪ್ರೀತಿ ಸುರಿದವರು.

ನಿಮ್ಮ ಅಂಗಳದಲ್ಲಿ ಒಂದೇ ಒಂದು ಕುಂಡದ ಗುಲಾಬಿ ಇದ್ದರೂ ಸಾಕು. ಕತ್ತರಿ ಸಾಣೆ ಹಿಡಿಸಿ, ದೀಪಾವಳಿಯೊಳಗೆ ಸವರಿಬಿಡಿ.