ಚಲಿಸದವನ ಲೀಲೆ: ಹರಿಹರ–ಚಾಮರಸರ ಅಲ್ಲಮ ಮತ್ತು ಕಾಲಾತೀತನ ಕ್ರಿಯೆಯ ಪ್ರಶ್ನೆ

ಕಾಲಕ್ಕೆ ಹೊರತಾದ ದೇವರು ಏನನ್ನಾದರೂ ಮಾಡಬಲ್ಲನೆ? ಮಾಡುವುದೆಂದರೆ ಹಿಂದೆ ಇಲ್ಲದಿದ್ದುದನ್ನು ಮುಂದೆ ಇರುವಂತೆ ಮಾಡುವುದು. ಹಿಂದುಮುಂದುಗಳೇ ಇಲ್ಲದವನಿಗೆ ಇದು ಹೇಗೆ ಸಾಧ್ಯ? ಮಾಡಿದನೆಂದು ಒಪ್ಪಿದರೆ, ಮಾಡುವ ಮೊದಲಿನವನೂ ಮಾಡಿದ ಮೇಲಿನವನೂ ಬದಲಾಗದೆ ಉಳಿದ ಒಬ್ಬನೇ ಎನ್ನಲು ಬರುತ್ತದೆಯೆ? ದಾರ್ಶನಿಕನಿಗೆ ಇದು ತರ್ಕದ ತೊಡಕು. ಕವಿಗೆ ಇದು ಕಥೆಯ ತೊಡಕು. ಬದಲಾಗದ ನಾಯಕನ ಚರಿತೆಯನ್ನು ಬರೆಯುವ ಬಗೆ ಯಾವುದು? ಕನ್ನಡದಲ್ಲಿ ಈ ತೊಡಕನ್ನು ನೇರವಾಗಿ ಎದುರಿಸಿದ ವಸ್ತುಗಳಲ್ಲಿ ಅಲ್ಲಮಪ್ರಭುವಿನ ಚರಿತೆ ಮುಖ್ಯವಾದುದು. ಹರಿಹರನ ‘ಪ್ರಭುದೇವರ ರಗಳೆ’ ಮತ್ತು ಚಾಮರಸನ ‘ಪ್ರಭುಲಿಂಗಲೀಲೆ’ಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪ್ರಶ್ನೆಯ ಶಾಸ್ತ್ರೀಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, ಸರ್ವಕಾಮಗಳೂ ಪೂರ್ಣವಾಗಿರುವವನಿಗೆ ಸೃಷ್ಟಿಸುವ ಪ್ರಯೋಜನವೇನು ಎಂಬ ಆಕ್ಷೇಪಕ್ಕೆ ‘ಲೀಲೆ’ ಎಂಬ ಉತ್ತರ ಬರುತ್ತದೆ. ಅದರ ಬೆನ್ನಿಗೇ, ಹಾಗಾದರೆ ಈಶ್ವರನಿಗೆ ಪಕ್ಷಪಾತದ ಮತ್ತು ನಿರ್ದಯತೆಯ ದೋಷ ತಟ್ಟುವುದಿಲ್ಲವೆ ಎಂಬ ಆಕ್ಷೇಪವನ್ನು ಸೂತ್ರಕಾರ ಎತ್ತಿಕೊಳ್ಳುತ್ತಾನೆ. ಲೀಲೆ ಎಂದೊಡನೆ ದಯೆಯ ಪ್ರಶ್ನೆ ಏಳುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಪಶ್ಚಿಮದಲ್ಲಿ ಆರನೆಯ ಶತಮಾನದ ಬೊಯೇಥಿಯಸ್, ನಿತ್ಯತೆಯೆಂದರೆ ಕೊನೆಯಿಲ್ಲದ ಕಾಲವಲ್ಲ, ಕೊನೆಯಿಲ್ಲದ ಬಾಳನ್ನು ಒಮ್ಮೆಗೇ ಇಡಿಯಾಗಿ ಹೊಂದಿರುವುದು ಎಂದು ವಿವರಿಸಿದನು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ದೇವರಿಗೂ ಜಗತ್ತಿಗೂ ಇರುವ ಸಂಬಂಧದಲ್ಲಿ ಬದಲಾವಣೆ ಜಗತ್ತಿನ ಕಡೆಗೆ ಮಾತ್ರ ಸೇರಿದ್ದು ಎಂದನು. ಪ್ರಾಣಿಯೊಂದು ಕಂಬವನ್ನು ಸುತ್ತಿದರೆ ಕಂಬ ಅದರ ಎಡಕ್ಕೂ ಬಲಕ್ಕೂ ಬರುತ್ತದೆ. ಆದರೆ ಕಂಬ ಕದಲಿರುವುದಿಲ್ಲ. ಇದಕ್ಕೆ ಪ್ರತಿಯಾಗಿ ನಿಕೊಲಸ್ ವೋಲ್ಟರ್‌ಸ್ಟಾರ್ಫ್ ೧೯೭೫ರ ತಮ್ಮ ಪ್ರಬಂಧದಲ್ಲಿ, ಮನುಷ್ಯರನ್ನು ಉದ್ಧರಿಸುವ ದೇವರು ಕಾಲದೊಳಗೆ ಇರುವವನೂ ಬದಲಾಗಬಲ್ಲವನೂ ಆಗಿರಲೇಬೇಕು ಎಂದು ವಾದಿಸಿದರು. ಈ ಎರಡು ನಿಲುವುಗಳ ನಡುವಿನ ಅಂತರವನ್ನು ನಮ್ಮ ಇಬ್ಬರು ಕವಿಗಳು ತಮ್ಮದೇ ಆದ ಬಗೆಯಲ್ಲಿ, ಕಥನದ ಭಾಷೆಯಲ್ಲಿ ತೋರಿಸಿಕೊಟ್ಟಿದ್ದಾರೆ.

ಹರಿಹರನ ಅಲ್ಲಮ ಬಳ್ಳಿಗಾವೆಯ ಮದ್ದಳೆಗಾರ. ಕಮಲತೆಯನ್ನು ಒಲಿದು ಅವಳೊಡನೆ ಸುಖದಲ್ಲಿ ಮೈಮರೆತವನು. ಜ್ವರದಿಂದ ಅವಳು ಸಾಯುತ್ತಾಳೆ. ಶೋಕದಿಂದ ಹುಚ್ಚನಂತೆ ಅಲೆಯುವ ಅಲ್ಲಮ ತೋಪೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನಿನ ಕಳಸವೊಂದು ಕಾಣುತ್ತದೆ. ಅಗೆಸಿದರೆ ಕೆಳಗೆ ಗುಡಿ. ಬಾಗಿಲನ್ನು ಒದ್ದು ಒಳಹೊಕ್ಕರೆ ಸಮಾಧಿಸ್ಥನಾದ ಅನಿಮಿಷಯ್ಯ. ಅವನ ಕೈಯ ಲಿಂಗ ಅಲ್ಲಮನ ಕೈಸೇರುತ್ತಿದ್ದಂತೆ ಅನಿಮಿಷನ ಪ್ರಾಣ ಹೋಗುತ್ತದೆ. ಇಲ್ಲಿ ಹಿಂದು ಮತ್ತು ಮುಂದುಗಳ ನಡುವೆ ಸ್ಪಷ್ಟವಾದ ಗೆರೆಯಿದೆ. ಕಮಲತೆಯ ಸಾವಿಲ್ಲದೆ ಅಲೆದಾಟವಿಲ್ಲ, ಅಲೆದಾಟವಿಲ್ಲದೆ ಕಳಸವಿಲ್ಲ. ಕಣ್ಣೆವೆಯಿಕ್ಕದವನು ಎಂಬ ಅರ್ಥದ ಹೆಸರುಳ್ಳ, ಕಾಲ ನಿಂತುಹೋದಂತಿರುವ ಅನಿಮಿಷನ ಬಳಿಗೆ ಅಲ್ಲಮ ಬರುವುದು ಕಾಲದ ಕ್ರೂರವಾದ ಹೊಡೆತದ ಮೂಲಕವೇ. ಹರಿಹರನ ರಗಳೆಗಳಲ್ಲಿ ಕೈಲಾಸ ಎಂದೂ ದೂರದ ಲೋಕವಲ್ಲ. ಆದರೂ ಈ ಕಥೆಯ ಜೀವ ಇರುವುದು ಮನುಷ್ಯನೊಬ್ಬನ ಮಾರ್ಪಾಟಿನಲ್ಲಿ.

ಪ್ರೌಢದೇವರಾಯನ ಕಾಲದ ಚಾಮರಸ (ಸು. ೧೪೩೦) ಇದನ್ನು ತಲೆಕೆಳಗು ಮಾಡುತ್ತಾನೆ. ಭಾಮಿನೀ ಷಟ್ಪದಿಯ ೨೫ ಗತಿಗಳ ಈ ಕಾವ್ಯದಲ್ಲಿ ಅಲ್ಲಮ ನಿರಹಂಕಾರ–ಸುಜ್ಞಾನಿಯರ ಮಗನಾಗಿ ತೋರಿಕೊಳ್ಳುವ ಪರವಸ್ತು. ಪಾರ್ವತಿ ತನ್ನ ತಾಮಸ ಕಳೆಯನ್ನು ಭೂಮಿಗೆ ಕಳುಹುತ್ತಾಳೆ. ಅದು ಬನವಸೆಯ ಮಮಕಾರ ರಾಜನ ಮಗಳು ಮಾಯೆಯಾಗಿ ಹುಟ್ಟುತ್ತದೆ. ಮಧುಕೇಶ್ವರನ ಗುಡಿಯಲ್ಲಿ ಅವಳು ಕುಣಿಯುತ್ತಾಳೆ, ಅಲ್ಲಮ ಮದ್ದಳೆ ಬಾರಿಸುತ್ತಾನೆ. ಮದ್ದಳೆ ಹರಿಹರನಲ್ಲಿದ್ದದ್ದೇ, ಆದರೆ ಬಾರಿಸುವವನು ಬೇರೆ. ಒಲಿಯುವವಳು ಮಾಯೆ, ಬಳಲುವವಳು ಮಾಯೆ, ಹಿಡಿಯಹೋಗಿ ಸೋಲುವವಳೂ ಮಾಯೆ. ಅಲ್ಲಮ ಅವಳ ಕೈಗೆ ಸಿಗುವುದಿಲ್ಲ. ಕಮಲತೆಯ ಸ್ಥಾನದಲ್ಲಿ ಮಾಯೆಯನ್ನು ಇರಿಸಿದೊಡನೆ ಅಲ್ಲಮನ ಶೋಕಕ್ಕೆ ಕಾರಣವೇ ಇಲ್ಲದಂತಾಯಿತು.

ಇದನ್ನು ಕೇವಲ ಮತಾಭಿಮಾನದ ತಿದ್ದುಪಡಿ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಕಾವ್ಯದ ರಚನೆಯನ್ನು ಗಮನಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಮ ಗೊಗ್ಗಯ್ಯನ ತೋಟಕ್ಕೆ ಬರುತ್ತಾನೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಿಯನ್ನು ಕಾಣುತ್ತಾನೆ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕೆಣಕುತ್ತಾನೆ. ಕಲ್ಯಾಣದಲ್ಲಿ ಬಸವಣ್ಣನನ್ನು ಸಂಧಿಸುತ್ತಾನೆ. ಪ್ರತಿ ಭೇಟಿಯಲ್ಲೂ ಒಬ್ಬರು ಬದಲಾಗುತ್ತಾರೆ. ಆ ಒಬ್ಬರು ಎಂದೂ ಅಲ್ಲಮನಲ್ಲ. ಕಥೆಗೆ ಬೇಕಾದ ಚಲನೆಯನ್ನೆಲ್ಲ ಕವಿ ಎದುರಿನವರಿಗೆ ಹಂಚಿಕೊಟ್ಟು ನಾಯಕನನ್ನು ನಿಶ್ಚಲವಾಗಿ ಉಳಿಸಿದ್ದಾನೆ. ಅಕ್ವಿನಾಸನ ಕಂಬದ ದೃಷ್ಟಾಂತವನ್ನು ಚಾಮರಸ ಕೇಳಿರಲಾರ. ಆದರೆ ಅವನ ಕಾವ್ಯದ ಕಟ್ಟಡ ಆ ತತ್ತ್ವದ ಮೇಲೆಯೇ ನಿಂತಿದೆ.

ಇದಕ್ಕೆ ಸಮಕಾಲೀನ ಶಾಸ್ತ್ರದ ಬೆಂಬಲವೂ ಇತ್ತು. ಅದೇ ಶತಮಾನದ ಮಗ್ಗೆಯ ಮಾಯಿದೇವನ ‘ಅನುಭವಸೂತ್ರ’ದಲ್ಲಿ, ಒಂದೇ ಆದ ಸ್ಥಲವು ತನ್ನ ಶಕ್ತಿಯ ಕ್ಷೋಭೆಯಿಂದ ಲಿಂಗ ಮತ್ತು ಅಂಗ ಎಂದು ಎರಡಾಗುತ್ತದೆ ಎಂಬ ವಿವರಣೆಯಿದೆ. ಕದಲುವುದು ಶಕ್ತಿ, ಆದರೆ ಶಕ್ತಿ ಶಿವನಿಗೆ ಹೊರಗಿನದಲ್ಲ. ಚಾಮರಸನಲ್ಲಿ ಪಾರ್ವತಿಯ ತಾಮಸ ಕಳೆ ಮಾಯೆಯಾಗಿಯೂ ಸಾತ್ತ್ವಿಕ ಕಳೆ ಅಕ್ಕಮಹಾದೇವಿಯಾಗಿಯೂ ಇಳಿದುಬರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ. ಒಂದು ಕಳೆ ಸೋತು ಹಿಂದಿರುಗುತ್ತದೆ. ಇನ್ನೊಂದು ಅಲ್ಲಮನನ್ನು ಅರಿಯುತ್ತದೆ. ಎರಡೂ ಕಾಲದೊಳಗೆ ನಡೆಯುವ ಪಯಣಗಳೇ.

ಆದರೂ ಈ ಕಟ್ಟಡದಲ್ಲಿ ಒಂದು ಬಿರುಕಿದೆ. ಅನಿಮಿಷನ ಪ್ರಸಂಗವನ್ನು ಚಾಮರಸ ಬಿಡಲಿಲ್ಲ. ಗೊಗ್ಗಯ್ಯನ ತೋಟದ ನೆಲದಡಿಯಲ್ಲಿ ಗುಡಿ ಇದ್ದೇ ಇದೆ. ಪರವಸ್ತುವೇ ಆದವನು ಇನ್ನೊಬ್ಬನ ಕೈಯಿಂದ ಪಡೆಯಬೇಕಾದುದೇನಿದೆ? ಗುರುಮಾರ್ಗವನ್ನು ಲೋಕಕ್ಕೆ ತೋರಿಸಲೆಂದು ಎಂಬ ಸಮಾಧಾನವನ್ನು ಸಂಪ್ರದಾಯ ನೀಡಬಹುದು. ಆದರೆ ಪಡೆದಂತೆ ತೋರಿಸುವುದೂ ಒಂದು ಕ್ರಿಯೆಯೇ. ಅದಕ್ಕೂ ಒಂದು ಮೊದಲು, ಒಂದು ಅನಂತರ ಇವೆ. ಹರಿಹರನ ಕಥೆಯಲ್ಲಿ ಈ ಪ್ರಸಂಗ ಎಲ್ಲಕ್ಕೂ ಕೀಲಿಕೈಯಾಗಿದ್ದರೆ, ಇಲ್ಲಿ ಅದು ಹಳೆಯ ಕಥೆಯ ಉಳಿಕೆಯಂತೆ ತೋರುತ್ತದೆ. ಚರಿತೆಯಿಂದ ಬದಲಾವಣೆಯನ್ನು ಪೂರ್ತಿಯಾಗಿ ತೆಗೆದುಹಾಕಲು ಚಾಮರಸನಂಥ ಕವಿಗೂ ಸಾಧ್ಯವಾಗಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕಾವ್ಯದ ನಿಜವಾದ ಉತ್ತರ ದೊರೆಯುವುದು ಗೋರಕ್ಷನ ಪ್ರಸಂಗದಲ್ಲಿ. ಗೋರಕ್ಷ ವಜ್ರಕಾಯನು. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆನ್ನುತ್ತದೆ, ಗಾಯವಾಗುವುದಿಲ್ಲ. ಅದೇ ಕತ್ತಿ ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಆಚೆಗೆ ಹಾದುಹೋಗುತ್ತದೆ. ಬದಲಾಗದಿರುವಿಕೆಯಲ್ಲಿ ಎರಡು ಬಗೆಗಳಿವೆ ಎಂಬುದನ್ನು ಈ ಪ್ರಸಂಗ ಸೂಚಿಸುತ್ತದೆ. ಗೋರಕ್ಷನದು ಕಾಲವನ್ನು ತಡೆದು ನಿಲ್ಲಿಸುವ ಬಗೆ. ತಡೆಯುವುದರಿಂದಲೇ ಅವನು ಕಾಲದ ಎದುರಾಳಿಯಾಗಿ ಅದಕ್ಕೆ ಕಟ್ಟುಬಿದ್ದಿದ್ದಾನೆ. ಅಲ್ಲಮನದು ಕಾಲಕ್ಕೆ ದಾರಿ ಬಿಡುವ ಬಗೆ. ಕಂಬದ ದೃಷ್ಟಾಂತ ಗೋರಕ್ಷನಿಗೆ ಹೆಚ್ಚು ಹೊಂದುತ್ತದೆ, ಅಲ್ಲಮನಿಗಲ್ಲ. ಕಂಬ ಜಾಗವನ್ನು ಆಕ್ರಮಿಸುತ್ತದೆ. ಬಯಲು ಜಾಗವನ್ನು ಕೊಡುತ್ತದೆ. ಹಾಗೆ ಎಡೆಗೊಡುವುದೇ ಬಯಲಿನ ಕ್ರಿಯೆ; ಅದಕ್ಕಾಗಿ ಬಯಲು ಬದಲಾಗಬೇಕಿಲ್ಲ. ಮೇಲೆ ಚಾಮರಸನ ಕಟ್ಟಡ ಕಂಬದ ತತ್ತ್ವದ್ದು ಎಂದೆವು. ಅವನ ಈ ಪ್ರತಿಮೆಯಾದರೋ ಆ ತತ್ತ್ವವನ್ನು ಮೀರುತ್ತದೆ. ಅಲ್ಲಮನ ವಚನಗಳಲ್ಲಿ ಕೇಂದ್ರವಾಗಿರುವ ಬಯಲಿನ ಕಲ್ಪನೆಯನ್ನು ಚಾಮರಸ ಇಲ್ಲಿ ಕಥೆಯ ಘಟನೆಯನ್ನಾಗಿ ಮಾಡಿದ್ದಾನೆ.

ಇಷ್ಟಾದರೂ ಸೂತ್ರಕಾರ ಎತ್ತಿಕೊಂಡ ದಯೆಯ ಪ್ರಶ್ನೆ ಉಳಿದೇ ಇದೆ. ಮುಕ್ತಾಯಿ ಅಣ್ಣನಿಗಾಗಿ ಅಳುತ್ತಿದ್ದಾಳೆ. ಅಣ್ಣನೇ ಅವಳಿಗೆ ಗುರು. ಅವಳನ್ನು ಸಂತೈಸಲು ಬಂದ ಚಾಮರಸನ ಅಲ್ಲಮ ಏನನ್ನೂ ಕಳೆದುಕೊಂಡವನಲ್ಲ. ಅವನ ಮಾತು ಸತ್ಯವಾಗಿರಬಹುದು. ಅದು ಅಳುವವಳ ಬಳಿ ಕುಳಿತವನ ಮಾತೇ ಎಂಬುದು ಪ್ರಶ್ನೆ. ಹರಿಹರನನ್ನು ಓದಿ ಈ ಪ್ರಸಂಗಕ್ಕೆ ಬರುವ ಓದುಗನಿಗೆ ಕಮಲತೆ ನೆನಪಾಗದೆ ಇರಲಾರಳು. ತಾನೂ ಒಮ್ಮೆ ನೆಲ ಕೆರೆಯುತ್ತ ಕುಳಿತವನು ಆಡುವ ಸಂತೈಕೆಗೆ ಬೇರೆಯದೇ ತೂಕವಿದೆ. ಉದ್ಧರಿಸುವವನು ಕಾಲದ ಪೆಟ್ಟು ತಿಂದವನಾಗಿರಬೇಕು ಎಂಬ ವಾದದ ಬಲ ಇರುವುದು ಇಲ್ಲಿಯೇ. ಇದಕ್ಕೆ ಎದುರಾಗಿ ಚಾಮರಸನ ಪರವಾಗಿಯೂ ಒಂದು ಮಾತನ್ನು ಹೇಳಬೇಕು: ಸಂತೈಸುವವನೂ ಅದೇ ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದರೆ ಮುಳುಗುತ್ತಿರುವವಳಿಗೆ ದಡ ಎಲ್ಲಿಯದು? ಶೋಕಿಸುವವರಿಗೆ ಜೊತೆಗಾರನೂ ಬೇಕು, ನೆಲೆಯೂ ಬೇಕು. ಹರಿಹರ ಮೊದಲನೆಯದನ್ನು ಕೊಟ್ಟನು, ಚಾಮರಸ ಎರಡನೆಯದನ್ನು.

ಒಟ್ಟಾರೆಯಾಗಿ, ಕಾಲಾತೀತನು ಕ್ರಿಯೆಗೆ ತೊಡಗಬಲ್ಲನೆ ಎಂಬ ಪ್ರಶ್ನೆಗೆ ಈ ಎರಡು ಕೃತಿಗಳು ಎರಡು ಉತ್ತರಗಳನ್ನು ನೀಡುತ್ತವೆ. ಹರಿಹರನಲ್ಲಿ ಕಾಲಾತೀತವು ಕಾಲದೊಳಗೆ ನೊಂದವನಿಗೆ ನೆಲದಡಿಯಿಂದ ತೆರೆದುಕೊಳ್ಳುತ್ತದೆ; ಚಾಮರಸನಲ್ಲಿ ಕಾಲಾತೀತನೇ ನಡೆದುಬಂದು ತಾನು ಬದಲಾಗದೆ ಇತರರನ್ನು ಬದಲಾಯಿಸುತ್ತಾನೆ. ಎರಡನೆಯದನ್ನು ಮೊದಲನೆಯದರ ಕೆಡುಕೆಂದೋ, ಮೊದಲನೆಯದನ್ನು ಎರಡನೆಯದರ ಅಪಕ್ವ ರೂಪವೆಂದೋ ಕಾಣುವುದು ಸಲ್ಲದು. ಅಲ್ಲಮನ ವಚನಗಳಲ್ಲಿ ಕಟುವಾದ ನಿರಾಕರಣೆಯೂ ಆಳವಾದ ಅನುಕಂಪವೂ ಒಟ್ಟಿಗಿವೆ. ಚರಿತೆಕಾರರು ಅವುಗಳಲ್ಲಿ ಒಂದೊಂದನ್ನು ಹಿಡಿದರು. ಬಯಲಿನಂತಿರುವವನ ಕೈಯಲ್ಲಿ ಎರಡು ಕಾವ್ಯಗಳೂ ಮದ್ದಳೆಯನ್ನು ಉಳಿಸಿಕೊಂಡಿವೆ ಎಂಬುದು ಗಮನಾರ್ಹ. ಮದ್ದಳೆಗೆ ತಾಳ ಬೇಕು, ತಾಳಕ್ಕೆ ಕಾಲ ಬೇಕು. ಕಾಲವನ್ನು ಮೀರಿದವನ ಕಥೆಯನ್ನೂ ಕಾಲದಲ್ಲಿಯೇ ಹೇಳಬೇಕೆಂಬುದನ್ನು ಇಬ್ಬರು ಕವಿಗಳೂ ಬಲ್ಲವರಾಗಿದ್ದರು.